ರೋಲೊಡೆಕ್ಸ್ ಅಂದರೆ ಡಬ್ಬಿಯೋ, ಜನರೋ?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ಊರು ಹಾಸನದ ಹತ್ತಿರ ಒಂದು ಹಳ್ಳಿ. ಮೊನ್ನೆ ನಮ್ಮ ಅಮೆರಿಕದ ಮ್ಯಾನೇಜರ್ ಕಾಲ್‌ನಲ್ಲಿ ಹೊಸ ಸೇಲ್ಸ್ ಮುಖ್ಯಸ್ಥೆಯ ಪರಿಚಯ ಮಾಡಿಕೊಟ್ಟರು. ‘ಇವರನ್ನು ತೆಗೆದುಕೊಂಡಿದ್ದೇ ಇವರ ರೋಲೊಡೆಕ್ಸ್ ನೋಡಿ’ ಎಂದರು. ನನಗೆ ಮೊದಲು ದುಬಾರಿ ಕೈಗಡಿಯಾರದ ಹೆಸರು ಕೇಳಿಸಿದ ಹಾಗಾಯಿತು. ಆಮೇಲೆ ಹುಡುಕಿದರೆ ಕಾರ್ಡು ಸಿಕ್ಕಿಸಿದ ಒಂದು ಚಕ್ರದ ಚಿತ್ರ ಬಂತು. ಆ ಚಕ್ರ ನೋಡಿ ಯಾರಾದರೂ ಕೆಲಸ ಕೊಡುತ್ತಾರಾ? ಕನ್ನಡದಲ್ಲಿ ಇದಕ್ಕೆ ಏನನ್ನಬೇಕು? ನಮ್ಮ ಮನೆಯಲ್ಲಿ ಇಂಥ ಕೆಲಸಕ್ಕೆ ಬಂದವಳು ನಾನೇ ಮೊದಲು. ನನ್ನಂಥವರಿಗೆ ಈ ರೋಲೊಡೆಕ್ಸ್ ಎಲ್ಲಿಂದ ಬರಬೇಕು?

ಉತ್ತರ: ನೀವು ನೋಡಿದ ಚಿತ್ರವೂ ಸರಿ, ಮ್ಯಾನೇಜರ್ ಆಡಿದ ಮಾತೂ ಸರಿ. ಎರಡರ ನಡುವೆ ಏನು ನಡೆಯಿತು ಅನ್ನೋದನ್ನು ಹೇಳುತ್ತೇನೆ. ಮೊದಲು ನಾನೇ ಕಣ್ಣಾರೆ ಕಂಡ ಒಂದು ಚಕ್ರದ ಕಥೆ.

1980ರ ದಶಕದಲ್ಲಿ ನಾನು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಸ್ಟೆನೋ ಆಗಿದ್ದೆ. ನಮ್ಮ ಜನರಲ್ ಮ್ಯಾನೇಜರ್ ಟ್ರೇನಿಂಗಿಗೆ ಅಂತ ಅಮೆರಿಕಕ್ಕೆ ಹೋಗಿದ್ದವರು ಬರುವಾಗ ಒಂದು ರೋಲೊಡೆಕ್ಸ್ ತಂದರು. ಬೇರೆ ಎಲ್ಲರ ಮೇಜಿನ ಮೇಲೆ ಫೋನ್ ನಂಬರಿನ ಪುಸ್ತಕ ಇರುತ್ತಿತ್ತು. ಇವರ ಮೇಜಿನ ಮೇಲೆ ಈ ಚಕ್ರ. ಎರಡೂ ಪಕ್ಕ ಒಂದೊಂದು ಗುಂಡಿ, ರೇಡಿಯೋ ಕಿವಿ ತಿರುವುವ ಹಾಗೆ ತಿರುವಬೇಕು. ನಡುವೆ ಎರಡು ಕಂಬಿ. ಒಂದೊಂದು ಕಾರ್ಡಿನ ಕೆಳಗೂ ಎರಡು ಕಚ್ಚು ಇರುತ್ತೆ. ಆ ಕಚ್ಚನ್ನು ಕಂಬಿಗೆ ಒತ್ತಿದರೆ ಕಾರ್ಡು ಟಕ್ ಅಂತ ಕೂರುತ್ತೆ, ಎಳೆದರೆ ಬರುತ್ತೆ. ಗುಂಡಿ ತಿರುವಿದರೆ ಕಾರ್ಡುಗಳು ಒಂದರ ಮೇಲೊಂದು ಬೀಳುತ್ತಾ ಹೋಗುತ್ತವೆ. ಕೈ ಬಿಟ್ಟರೆ ಚಕ್ರ ಅಲ್ಲೇ ನಿಲ್ಲುತ್ತೆ, ಹಿಂದಕ್ಕೆ ಉರುಳುವುದಿಲ್ಲ. ಎ ಇಂದ ಝಡ್‌ವರೆಗೆ ತುದಿಯಲ್ಲಿ ಅಕ್ಷರ ಬರೆದ ದಪ್ಪ ಕಾರ್ಡುಗಳು. ಒಂದೊಂದು ಕಾರ್ಡು ಸುಮಾರು ನಾಲ್ಕು ಇಂಚು ಅಗಲ, ಎರಡೂಕಾಲು ಇಂಚು ಎತ್ತರ.

ಅದರಲ್ಲಿ ಟೈಪ್ ಮಾಡುತ್ತಿದ್ದವಳು ನಾನು. ಹೆಸರು, ಹುದ್ದೆ, ಆಫೀಸಿನ ನಂಬರ್, ಮನೆ ನಂಬರ್. ಕೆಳಗೆ ಸಾಹೇಬರು ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆಯುತ್ತಿದ್ದರು. ‘ಮಗಳಿಗೆ ಮೈಸೂರಿನಲ್ಲಿ ಮೆಡಿಕಲ್ ಸೀಟು’, ‘ಸಂಜೆ ಆರರ ಮೇಲೆ ಮಾತ್ರ ಫೋನ್’, ‘ಟೆಂಡರ್ ವಿಷಯ ಎತ್ತಬಾರದು’. ತಂದ ಕಾರ್ಡುಗಳು ಮುಗಿದಾಗ ಇಲ್ಲಿ ಎಲ್ಲೂ ಸಿಗಲಿಲ್ಲ. ಹಳೆ ಮದುವೆ ಕಾಗದಗಳ ದಪ್ಪ ರಟ್ಟು ಕತ್ತರಿಸಿ, ಬ್ಲೇಡಿನಲ್ಲಿ ಕಚ್ಚು ಹಾಕಿ, ನಾನೇ ಕಾರ್ಡು ಮಾಡುತ್ತಿದ್ದೆ. ಕಚ್ಚು ಒಂದು ನೂಲಿನಷ್ಟು ಜಾಸ್ತಿ ಆದರೂ ಕಾರ್ಡು ಕಳಚಿ ಬೀಳುತ್ತಿತ್ತು.

ಸಾಹೇಬರು ನಿವೃತ್ತರಾದ ದಿನ ಸಂಜೆ ರೂಮಿಗೆ ಹೋದೆ. ಚಕ್ರ ಮೇಜಿನ ಮೇಲೇ ಇತ್ತು. ಕಾರ್ಡುಗಳು ಇರಲಿಲ್ಲ. ಎಲ್ಲವನ್ನೂ ಒಂದು ಲಕೋಟೆಗೆ ಹಾಕಿಕೊಂಡು ಹೋಗಿದ್ದರು. ಬಂದ ಹೊಸ ಸಾಹೇಬರು ಖಾಲಿ ಚಕ್ರ ತಿರುವಿ ನೋಡಿ, ‘ಇದರಲ್ಲಿ ಏನೂ ಇಲ್ಲವಲ್ಲಮ್ಮ’ ಎಂದರು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಕಾರ್ಖಾನೆಗೆ ಚಕ್ರ ಉಳಿಯಿತು, ರೋಲೊಡೆಕ್ಸ್ ಅವರ ಜೊತೆ ಹೊರಟುಹೋಯಿತು.

ಈಗ ಹೆಸರಿನ ಹುಟ್ಟು. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ 1910ರಲ್ಲಿ ಹುಟ್ಟಿದ ಆರ್ನಲ್ಡ್ ನ್ಯೂಸ್ಟಾಟರ್ ಎಂಬವರು ಝೆಫಿರ್ ಅಮೆರಿಕನ್ ಅನ್ನೋ ಕಂಪನಿ ನಡೆಸುತ್ತಿದ್ದರು. ಕಚೇರಿಗೆ ಬೇಕಾದ ಸಣ್ಣಪುಟ್ಟ ಸಾಧನ ಮಾಡುವುದು ಅವರ ಕಸುಬು. ಅವರಿಗೆ ‘ಡೆಕ್ಸ್’ ಅನ್ನೋ ಬಾಲ ಬಹಳ ಇಷ್ಟ. ಮಸಿ ಚೆಲ್ಲದ ದೌತಿಗೆ ಸ್ವಿವೊಡೆಕ್ಸ್ ಎಂದು ಹೆಸರಿಟ್ಟರು. ಕಾಗದಕ್ಕೆ ತೂತು ಹಾಕುವುದಕ್ಕೆ ಪಂಚೊಡೆಕ್ಸ್. ಸ್ಟೆನೋಗಳು ಮೊಣಕಾಲಿಗೆ ಸಿಕ್ಕಿಸಿಕೊಳ್ಳಲು ಕ್ಲಿಪೊಡೆಕ್ಸ್ ಅಂತಲೂ ಒಂದಿತ್ತು. ನನಗೆ ಅದು ಸಿಕ್ಕಿದ್ದರೆ ಎಷ್ಟು ಅನುಕೂಲ ಆಗುತ್ತಿತ್ತೋ! ಇವೆಲ್ಲದರ ಜೊತೆಗೆ ಆಟೊಡೆಕ್ಸ್. ಅದು ಚಪ್ಪಟೆ ಫೋನ್ ಡೈರೆಕ್ಟರಿ. ಪಕ್ಕದ ಗುರುತನ್ನು ಬೇಕಾದ ಅಕ್ಷರಕ್ಕೆ ಸರಿಸಿ ಅದುಮಿದರೆ ಆ ಪುಟವೇ ತೆರೆದುಕೊಳ್ಳುತ್ತೆ. ಇದೇ ಥರದ್ದು ನಮ್ಮ ಆಫೀಸುಗಳಲ್ಲೂ ಇತ್ತು. ನಿಮ್ಮ ತಂದೆತಾಯಿಯ ವಯಸ್ಸಿನವರನ್ನು ಕೇಳಿ, ಕೆಲವರಿಗಾದರೂ ನೆನಪಿರುತ್ತೆ.

ರೋಲೊಡೆಕ್ಸ್‌ನ ವಿನ್ಯಾಸ ಮಾಡಿದವರು ಅದೇ ಕಂಪನಿಯ ಎಂಜಿನಿಯರ್, ಡೆನ್ಮಾರ್ಕ್ ಮೂಲದ ಹಿಲ್ಡಾವರ್ ನೀಲ್ಸನ್. 1956ರಲ್ಲಿ ಅದು ರೂಪುಗೊಂಡಿತು, 1958ರಲ್ಲಿ ಅಂಗಡಿಗೆ ಬಂತು. ಉರುಳುವುದು ಅನ್ನೋ ಅರ್ಥದ ‘ರೋಲಿಂಗ್’, ಅದಕ್ಕೆ ‘ಇಂಡೆಕ್ಸ್’. ಎರಡನ್ನೂ ಬೆಸೆದರೆ ರೋಲೊಡೆಕ್ಸ್. ಲ್ಯಾಟಿನ್ನಿನಲ್ಲಿ ಇಂಡೆಕ್ಸ್ ಎಂದರೆ ತೋರುಬೆರಳು. ಉರುಳುತ್ತಾ ಹೋಗಿ ಒಬ್ಬ ಮನುಷ್ಯನ ಕಡೆ ಬೆರಳು ತೋರಿಸಿ ನಿಲ್ಲುವ ವಸ್ತುವಿಗೆ ಇದಕ್ಕಿಂತ ಒಳ್ಳೆ ಹೆಸರು ಬೇಕಾ?

ಹೆಸರು ಬರೆದಿಡುವ ಪುಸ್ತಕ ಅದಕ್ಕೂ ಮೊದಲೇ ಎಷ್ಟೋ ಇದ್ದವು. ಆದರೂ ‘ಅವರ ಅಡ್ರೆಸ್ ಬುಕ್ ದೊಡ್ಡದು’ ಅನ್ನೋದಕ್ಕಿಂತ ‘ಅವರ ರೋಲೊಡೆಕ್ಸ್ ದೊಡ್ಡದು’ ಅನ್ನೋದೇ ಜಾಸ್ತಿ ಬಳಕೆಗೆ ಬಂತು. ಯಾಕೆ? ನನ್ನ ಲೆಕ್ಕದಲ್ಲಿ ಇದಕ್ಕೆ ಕಾರಣ ಆ ವಸ್ತುವಿನ ಮೈಯಲ್ಲೇ ಇದೆ.

ಪುಸ್ತಕದಲ್ಲಿ ‘ಎಸ್’ ಅಕ್ಷರದ ಪುಟ ತುಂಬಿದರೆ ಮುಗಿಯಿತು. ಆಮೇಲೆ ಬಂದವರನ್ನು ‘ಎಕ್ಸ್’ ಪುಟದಲ್ಲಿ ತುರುಕಬೇಕು. ಯಾರಿಗಾದರೂ ವರ್ಗ ಆದರೆ ಹೊಡೆದುಹಾಕಿ ಪಕ್ಕದಲ್ಲಿ ಬರೆಯಬೇಕು. ಎರಡು ವರ್ಷದಲ್ಲಿ ಪುಸ್ತಕ ಗೀಚಾಟದ ಗೂಡು. ರೋಲೊಡೆಕ್ಸ್‌ನಲ್ಲಿ ಒಬ್ಬರಿಗೆ ಒಂದು ಕಾರ್ಡು. ವಿಳಾಸ ಬದಲಾದರೆ ಆ ಒಂದೇ ಕಾರ್ಡು ತೆಗೆದು ಹೊಸದು ಹಾಕಿದರೆ ಆಯಿತು. ಹಾಗಾಗಿ ಅದು ಬೆಳೆಯುತ್ತಿತ್ತು. ಬೆಳೆದದ್ದು ಕಣ್ಣಿಗೂ ಕಾಣುತ್ತಿತ್ತು. ಪುಸ್ತಕ ಡ್ರಾಯರಿನೊಳಗೆ ಮಲಗಿರುತ್ತೆ. ಚಕ್ರ ಮೇಜಿನ ಮೇಲೆ, ಬಂದವರ ಎದುರಿಗೇ ಇರುತ್ತೆ. ಎದುರು ಕೂತವರಿಗೆ ಅದರ ದಪ್ಪ ನೋಡಿದರೇ ಗೊತ್ತಾಗುತ್ತಿತ್ತು, ಈ ಮನುಷ್ಯನಿಗೆ ಎಷ್ಟು ಜನ ಗೊತ್ತು ಅಂತ. ಬೀಗ ಹಾಕುವ ಮುಚ್ಚಳ ಇದ್ದ ಮಾದರಿಗಳೂ ಇದ್ದವು. ಬೀಗ ಹಾಕಿಡುವಷ್ಟು ಬೆಲೆ ಅದರೊಳಗೆ ಇದೆ ಅಂತ ಮಾಡಿದವರಿಗೂ ಗೊತ್ತಿತ್ತು.

ನಮ್ಮ ಸಾಹೇಬರು ಮಾಡಿದ್ದನ್ನೇ ಅಲ್ಲಿ ಸಾವಿರಾರು ಜನ ಮಾಡಿದರು. ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಕಾರ್ಡುಗಳನ್ನು ಕೊಂಡೊಯ್ದರು. ಇದು ಯಾರ ಆಸ್ತಿ, ನೌಕರನದ್ದೋ ಕಂಪನಿಯದ್ದೋ? ಜಗಳ ಕೋರ್ಟಿಗೂ ಹೋಯಿತು. ಗ್ರಾಹಕರ ಪಟ್ಟಿ ಕಂಪನಿಯ ವ್ಯಾಪಾರದ ಗುಟ್ಟು ಎಂದು ಅಮೆರಿಕದ ಕೋರ್ಟುಗಳು ಎಷ್ಟೋ ಪ್ರಕರಣಗಳಲ್ಲಿ ಒಪ್ಪಿವೆ. ವಾಷಿಂಗ್ಟನ್ನಿನಲ್ಲಿ ಸರ್ಕಾರದ ದೊಡ್ಡ ಹುದ್ದೆ ಬಿಟ್ಟವರನ್ನು ಲಾಬಿ ಮಾಡುವ ಸಂಸ್ಥೆಗಳು ಕರೆದು ಕೂರಿಸಿಕೊಳ್ಳುವುದು ಮಾಮೂಲು. ಅಲ್ಲಿ ಸಂಬಳ ಕೊಡುವುದೇ ಅವರ ರೋಲೊಡೆಕ್ಸ್‌ಗೆ ಅನ್ನೋ ಮಾತು ರೂಢಿಗೆ ಬಂತು. ಅಷ್ಟು ಹೊತ್ತಿಗೆ ಮಾತಿನಲ್ಲಿ ಚಕ್ರ ಕಳಚಿ ಜನ ಮಾತ್ರ ಉಳಿದಿದ್ದರು.

ಇದು ‘ಜೆರಾಕ್ಸ್’ ಅಥವಾ ‘ಡಾಲ್ಡಾ’ ಥರದ ಬದಲಾವಣೆ ಅಲ್ಲ, ಗಮನಿಸಿ. ಅಲ್ಲಿ ಒಂದು ಕಂಪನಿಯ ಹೆಸರು ಆ ಜಾತಿಯ ಎಲ್ಲ ವಸ್ತುಗಳಿಗೂ ಹರಡಿತು, ಅಷ್ಟೇ. ಯಾವ ಕಂಪನಿಯ ಮೆಷಿನ್ ಆದರೂ ನಮಗೆ ಜೆರಾಕ್ಸೇ. ರೋಲೊಡೆಕ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ವಸ್ತುವನ್ನೇ ದಾಟಿಬಿಟ್ಟಿತು. ಪಾತ್ರೆಯ ಹೆಸರು ಒಳಗಿದ್ದ ಪದಾರ್ಥಕ್ಕೆ ಬಂತು. ಕನ್ನಡಕ್ಕೆ ಇದು ಹೊಸದಲ್ಲ. ಬೊಕ್ಕಸ ಅಂದರೆ ಹಣ ಇಡುವ ಜಾಗ. ‘ಬೊಕ್ಕಸಕ್ಕೆ ಹೊರೆ’ ಅಂದಾಗ ನಾವು ಕೋಣೆಯ ಬಗ್ಗೆ ಮಾತಾಡುತ್ತೇವಾ? ಸರ್ಕಾರದ ದುಡ್ಡಿನ ಬಗ್ಗೆ ತಾನೇ.

ಇನ್ನೊಂದು ಉದಾಹರಣೆ ನನಗೆ ಇನ್ನೂ ಪ್ರೀತಿಯದು. ಕಡತ. ಸರ್ಕಾರಿ ಕಚೇರಿಯಲ್ಲಿ ದಿನಕ್ಕೆ ನೂರು ಸಲ ಕೇಳುವ ಮಾತು, ‘ಕಡತ ವಿಲೇವಾರಿ ಆಗಿಲ್ಲ’. ನಿಜವಾದ ಕಡತ ಹೇಗಿತ್ತು ಗೊತ್ತಾ? ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಿನ ಪುಡಿ ಬಳಿದು ಒಣಗಿಸುತ್ತಿದ್ದರು. ಬಟ್ಟೆ ಕಪ್ಪಗೆ, ಗಟ್ಟಿಯಾಗಿ, ಸ್ಲೇಟಿನ ಹಾಗೆ ಆಗುತ್ತಿತ್ತು. ಅದನ್ನು ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬಿಳಿ ಅಕ್ಷರ ಬರೆಯುತ್ತಿದ್ದರು. ವ್ಯಾಪಾರಿಗಳ ಲೆಕ್ಕ, ಮಠಗಳ ಲೆಕ್ಕ ಎಲ್ಲ ಅದರಲ್ಲೇ. ಶೃಂಗೇರಿ ಮಠದ ಹಳೆ ಕಡತಗಳು ಇತಿಹಾಸ ಬರೆಯುವವರಿಗೆ ದೊಡ್ಡ ಆಧಾರ. ಆ ಬಟ್ಟೆ ಹೋಯಿತು. ಹೆಸರು ರಟ್ಟಿನ ಫೈಲಿಗೆ ಬಂತು. ಈಗ ಕಂಪ್ಯೂಟರಿನಲ್ಲಿ ಕಾಗದವೇ ಇಲ್ಲದ ಫೈಲಿಗೂ ಇ-ಕಡತ ಅಂತೀವಿ. ರೋಲೊಡೆಕ್ಸ್ ಕಂಡಿರದ ಹುಡುಗರು ನ್ಯೂಯಾರ್ಕಿನಲ್ಲಿ ರೋಲೊಡೆಕ್ಸ್ ಅನ್ನುತ್ತಾರೆ. ಬಟ್ಟೆಯ ಕಡತ ಕಂಡಿರದ ನಾವು ಇಲ್ಲಿ ಕಡತ ಅನ್ನುತ್ತೇವೆ.

ರೋಲೊಡೆಕ್ಸ್ ಮಾತು ಬಂದಲ್ಲೆಲ್ಲ ಅಮೆರಿಕದವರು ಒಬ್ಬರ ಹೆಸರು ಹೇಳುತ್ತಾರೆ. ಡೇವಿಡ್ ರಾಕ್‌ಫೆಲ್ಲರ್. ಚೇಸ್ ಮ್ಯಾನ್‌ಹಟನ್ ಬ್ಯಾಂಕಿನ ಮುಖ್ಯಸ್ಥರಾಗಿದ್ದವರು. 2017ರಲ್ಲಿ, 101ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರಿಗಾಗಿಯೇ ಮಾಡಿಸಿದ ಕಾರ್ಡಿನ ಯಂತ್ರ ಸುಮಾರು 5 ಅಡಿ ಎತ್ತರ ಇತ್ತು. ಅದರಲ್ಲಿ ಹೆಚ್ಚುಕಡಿಮೆ 1 ಲಕ್ಷ ಜನರ ಬಗ್ಗೆ 2 ಲಕ್ಷದಷ್ಟು ಕಾರ್ಡುಗಳು. ಎಲ್ಲಿ ಭೇಟಿಯಾದರು, ಯಾವಾಗ ಆದರು, ಎಲ್ಲವೂ ಅದರಲ್ಲಿ. ಅಮೆರಿಕದ ವಿದೇಶಾಂಗ ಮಂತ್ರಿಯಾಗಿದ್ದ ಹೆನ್ರಿ ಕಿಸಿಂಜರ್ ಒಬ್ಬರಿಗೇ 35 ಕಾರ್ಡು. ರಾಕ್‌ಫೆಲ್ಲರ್ ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದಲ್ಲಿ ಸೈನ್ಯದ ಗುಪ್ತಚರ ವಿಭಾಗದಲ್ಲಿದ್ದವರು. ವಿಷಯ ಗೊತ್ತಿರುವ ಜನರ ಪರಿಚಯ ಇಲ್ಲದಿದ್ದರೆ ಕೆಲಸ ಆಗೋದಿಲ್ಲ ಅನ್ನೋದನ್ನು ಅಲ್ಲೇ ಕಲಿತೆ ಅಂತ ಅವರೇ ಹೇಳಿಕೊಂಡಿದ್ದಾರೆ.

ಜನ ಈ ಕಥೆಯಲ್ಲಿ 2 ಲಕ್ಷ ಅನ್ನೋ ಸಂಖ್ಯೆಗೆ ಬೆರಗಾಗುತ್ತಾರೆ. ನನ್ನ ಕಣ್ಣು ಹೋಗುವುದು ಆ 35 ಕಾರ್ಡಿಗೆ. ಫೋನ್ ನಂಬರಿಗೆ ಒಂದು ಕಾರ್ಡು ಸಾಕು. ಉಳಿದ 34 ತುಂಬಬೇಕಾದರೆ ವರ್ಷಗಟ್ಟಲೆ ಭೇಟಿ ಆಗುತ್ತಿರಬೇಕು. ಭೇಟಿ ಆದಾಗಲೆಲ್ಲ ಯಾರೋ ಒಬ್ಬರು ಕೂತು ಬರೆದಿಡಬೇಕು. ಆ ‘ಯಾರೋ ಒಬ್ಬರು’ ಬಹುಪಾಲು ನನ್ನಂಥ ಸೆಕ್ರೆಟರಿಗಳು. ‘ಸಾಹೇಬರ ರೋಲೊಡೆಕ್ಸ್’ ಅನ್ನೋ ಮಾತಿನಲ್ಲಿ ಅವರ ಕೈ ಕಾಣೋದಿಲ್ಲ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಕಂಪ್ಯೂಟರ್ ಬಂದ ಮೇಲೆ ಚಕ್ರಕ್ಕೆ ಕೆಲಸ ಕಮ್ಮಿಯಾಯಿತು. 1985ರ ಮೊದಲ ವಿಂಡೋಸ್‌ನಲ್ಲೇ ಕಾರ್ಡ್‌ಫೈಲ್ ಅನ್ನೋ ಪ್ರೋಗ್ರಾಂ ಇತ್ತು. ಪರದೆಯ ಮೇಲೆ ಕಾರ್ಡುಗಳನ್ನು ಒಂದರ ಹಿಂದೆ ಒಂದು ಜೋಡಿಸಿಟ್ಟ ಹಾಗೇ ಕಾಣುತ್ತಿತ್ತು. 1996ರಲ್ಲಿ ಪಾಮ್ ಪೈಲಟ್ ಅನ್ನೋ ಅಂಗೈಯಗಲದ ಕಂಪ್ಯೂಟರ್ ಬಂತು. 2003ರ ಮೇ ತಿಂಗಳಲ್ಲಿ ಲಿಂಕ್ಡ್‌ಇನ್. ನೀವು ಇಂದು ವಾಟ್ಸ್ಯಾಪ್‌ನಲ್ಲಿ ಯಾರದ್ದಾದರೂ ಕಾಂಟ್ಯಾಕ್ಟ್ ಕಳಿಸಿದರೆ ಒಳಗೆ ಹೋಗುವ ಕಡತದ ನಮೂನೆಗೆ ವಿ-ಕಾರ್ಡ್ ಅಂತಲೇ ಹೆಸರು. ರಟ್ಟು ಹೋದರೂ ಕಾರ್ಡು ಹೋಗಲಿಲ್ಲ ನೋಡಿ.

ಆ ಪದ ಇನ್ನೂ ಎಲ್ಲೆಲ್ಲಿ ನಿಮ್ಮ ಕಿವಿಗೆ ಬೀಳಬಹುದು ಅಂತ ಹೇಳಿಬಿಡುತ್ತೇನೆ. ‘ಗೋಲ್ಡನ್ ರೋಲೊಡೆಕ್ಸ್’ ಅಂದರೆ ದೊಡ್ಡ ದೊಡ್ಡವರೇ ಇರುವ ಬಳಗ. ಟಿವಿ ಸುದ್ದಿಯವರ ಬಾಯಲ್ಲಿ ಬಂದರೆ, ಪ್ರತಿ ಚರ್ಚೆಗೂ ಕರೆಯುವ ಅದೇ ನಾಲ್ಕಾರು ಪಂಡಿತರು ಅಂತ ಅರ್ಥ. ‘ಮೆಂಟಲ್ ರೋಲೊಡೆಕ್ಸ್’ ಅಂದರೆ ನೆನಪಿನಲ್ಲೇ ಹುಡುಕುವುದು, ‘ಈ ಮುಖ ಎಲ್ಲೋ ನೋಡಿದೀನಲ್ಲ’ ಅಂತ ನಾವು ತಲೆ ಕೆರೆದುಕೊಳ್ಳುತ್ತೇವಲ್ಲ, ಅದು.

ಇನ್ನು ಕನ್ನಡದಲ್ಲಿ ಏನನ್ನಬೇಕು ಅನ್ನೋದು. ಒಂದೇ ಪದ ಹುಡುಕಬೇಡಿ. ‘ಸಂಪರ್ಕ ಜಾಲ’ ಅಂತ ಪತ್ರಿಕೆಗಳಲ್ಲಿ ಬರೆಯುತ್ತಾರೆ. ಅದು ತಪ್ಪಲ್ಲ, ಆದರೆ ಮನೆಯಲ್ಲಿ ಯಾರೂ ಹಾಗೆ ಮಾತಾಡೋದಿಲ್ಲ. ಆಫೀಸಿನ ಮಾತಿನಲ್ಲಿ ‘ಅವರಿಗೆ ಒಳ್ಳೆ ಕಾಂಟ್ಯಾಕ್ಟ್ಸ್ ಇದೆ’ ಅಂತೀವಿ. ‘ವಶೀಲಿ’ ಅನ್ನೋ ಪದ ಹತ್ತಿರ ಬರುತ್ತೆ, ಆದರೆ ಅದಕ್ಕೆ ಅಡ್ಡದಾರಿಯ ವಾಸನೆ ಹತ್ತಿಕೊಂಡಿದೆ. ವಶೀಲಿ ಹಚ್ಚಿದರು ಅಂದರೆ ಯಾರದ್ದೋ ಅವಕಾಶ ಕಿತ್ತುಕೊಂಡರು ಅಂತಲೇ ಕೇಳಿಸುತ್ತೆ. ನಿಮ್ಮ ಸೇಲ್ಸ್ ಮುಖ್ಯಸ್ಥೆಗೆ ಆ ಪದ ಬೇಡ. ‘ಬಳಗ’ ಬಹಳ ಬೆಚ್ಚಗಿನ ಪದ. ಬಂಧುಬಳಗ ಅಂತ ನೆಂಟರನ್ನೂ ಸೇರಿಸಿಕೊಳ್ಳುತ್ತೆ ಅನ್ನೋದೊಂದೇ ತೊಡಕು. ಮ್ಯಾನೇಜರ್ ಹೇಳಿದ್ದನ್ನು ನಾನಾದರೆ ಹೀಗೆ ಹೇಳುತ್ತಿದ್ದೆ: ‘ಈ ಫೀಲ್ಡಿನಲ್ಲಿ ಇವರಿಗೆ ಗೊತ್ತಿಲ್ಲದವರಿಲ್ಲ, ಅದಕ್ಕೇ ಇವರನ್ನು ತೆಗೆದುಕೊಂಡೆವು.’ ‘ಜನ ಗೊತ್ತು’ ಅನ್ನೋದು ನಮ್ಮ ಸರಳ ಮಾತು. ಕೆಲಸ ಅದರಲ್ಲೇ ಆಗುತ್ತೆ.

ನಿಮ್ಮ ಕೊನೆಯ ಪ್ರಶ್ನೆ ನನ್ನನ್ನು ತುಂಬಾ ಹೊತ್ತು ಹಿಡಿದು ಕೂರಿಸಿತು. ‘ನನ್ನಂಥವರಿಗೆ ಎಲ್ಲಿಂದ ಬರಬೇಕು’ ಅಂತ ಕೇಳಿದ್ದೀರಿ. ಇದರಲ್ಲಿ ಒಂದು ನೋವಿದೆ, ಅದು ನಿಜವಾದ ನೋವೇ. ಬ್ಯಾಂಕರ್ ಮಗನಿಗೆ ಹುಟ್ಟುವಾಗಲೇ ಅರ್ಧ ಚಕ್ರ ತುಂಬಿರುತ್ತೆ. ನಿಮಗೆ ಖಾಲಿ ಚಕ್ರ. ಅದು ಸಮ ಅಲ್ಲ, ಸಮ ಅಂತ ನಾನು ಹೇಳೋದೂ ಇಲ್ಲ.

ಆದರೆ ಒಂದು ಅಧ್ಯಯನದ ವಿಷಯ ನಿಮಗೆ ಹೇಳಲೇಬೇಕು. ಮಾರ್ಕ್ ಗ್ರಾನೋವೆಟರ್ ಅನ್ನೋ ಅಮೆರಿಕದ ಸಮಾಜಶಾಸ್ತ್ರಜ್ಞರು ಬಾಸ್ಟನ್ ಪಕ್ಕದ ನ್ಯೂಟನ್‌ನಲ್ಲಿ, ಆಗಷ್ಟೇ ಕೆಲಸ ಬದಲಿಸಿದ್ದ ಜನರನ್ನು ಮಾತಾಡಿಸಿದರು. 1973ರಲ್ಲಿ ಅದರ ಬಗ್ಗೆ ಬರೆದರು. ಪರಿಚಯದವರ ಮೂಲಕ ಕೆಲಸ ಹಿಡಿದವರನ್ನು ಕೇಳಿದರು, ‘ಆ ಪರಿಚಯದವರನ್ನು ನೀವು ಎಷ್ಟು ಸಲ ನೋಡುತ್ತಿದ್ದಿರಿ?’ ವಾರಕ್ಕೆ ಎರಡು ಸಲವಾದರೂ ನೋಡುತ್ತಿದ್ದೆ ಅಂದವರು ಶೇ. 16.7 ಮಾತ್ರ. ಆಗೊಮ್ಮೆ ಈಗೊಮ್ಮೆ ಅಂದವರು ಶೇ. 55.6. ವರ್ಷಕ್ಕೆ ಒಂದು ಸಲ ಅಥವಾ ಅದಕ್ಕೂ ಕಮ್ಮಿ ಅಂದವರು ಶೇ. 27.8. ಅಂದರೆ ಕೆಲಸದ ಸುದ್ದಿ ತಂದವರಲ್ಲಿ ಹೆಚ್ಚಿನವರು ಆಪ್ತ ಗೆಳೆಯರಲ್ಲ, ಅಲ್ಪಸ್ವಲ್ಪ ಪರಿಚಯದವರು. ಕಾರಣ ಸುಲಭ. ನಮ್ಮ ಆಪ್ತರಿಗೆ ಗೊತ್ತಿರೋದು ನಮಗೂ ಗೊತ್ತಿರುತ್ತೆ. ಎಲ್ಲೋ ಒಮ್ಮೆ ಸಿಗುವವರು ಬೇರೆ ಕಡೆಯಿಂದ ಸುದ್ದಿ ತರುತ್ತಾರೆ.

ರೋಲೊಡೆಕ್ಸ್ ಇದ್ದದ್ದೇ ಅಂಥವರಿಗಾಗಿ ಅಲ್ವಾ? ಅಕ್ಕನ ನಂಬರಿಗೆ ಯಾರೂ ಕಾರ್ಡು ಮಾಡೋದಿಲ್ಲ, ಅದು ಬಾಯಿಪಾಠ. ಎರಡು ವರ್ಷದ ಹಿಂದೆ ಒಂದು ಮೀಟಿಂಗಿನಲ್ಲಿ ಪಕ್ಕದಲ್ಲಿ ಕೂತಿದ್ದವರಿಗೆ ಕಾರ್ಡು ಬೇಕು. ಅಂಥವರು ನಿಮಗೂ ಈಗಾಗಲೇ ಇದ್ದಾರೆ. ಕಾಲೇಜಿನ ಸೀನಿಯರ್, ಹಳೆ ಕಂಪನಿ ಬಿಟ್ಟು ಹೋದ ಟೀಮ್‌ಮೇಟ್, ಕೆಲಸ ಸಿಗದಿದ್ದರೂ ಇಂಟರ್ವ್ಯೂನಲ್ಲಿ ಚೆನ್ನಾಗಿ ಮಾತಾಡಿಸಿದವರು, ಪಿಜಿಯಲ್ಲಿ ಮೇಲಿನ ಮಹಡಿಯ ಹುಡುಗಿ. ಫೋನಿನಲ್ಲಿ ಅವರ ನಂಬರ್ ಇರುತ್ತೆ, ಆದರೆ ನಂಬರ್ ಒಂದೇ ಇರುತ್ತೆ. ‘ರಮ್ಯಾ ಆಫೀಸ್ 2’ ಅಂತ ಸೇವ್ ಮಾಡಿರ್ತೀರಿ. ಆರು ತಿಂಗಳಾದ ಮೇಲೆ ಅದು ಯಾರು ಅಂತ ನಿಮಗೇ ತಿಳಿಯೋದಿಲ್ಲ.

ಆ ಕಾಂಟ್ಯಾಕ್ಟ್ ತೆರೆದರೆ ‘ನೋಟ್ಸ್’ ಅಂತ ಒಂದು ಜಾಗ ಸಿಗುತ್ತೆ. ಅದನ್ನು ಹೆಚ್ಚಿನವರು ಮುಟ್ಟುವುದೇ ಇಲ್ಲ. ನಮ್ಮ ಸಾಹೇಬರು ಪೆನ್ಸಿಲಿನಲ್ಲಿ ಬರೆಯುತ್ತಿದ್ದ ಜಾಗ ಅದೇ. ಎಲ್ಲಿ ಸಿಕ್ಕರು, ಏನು ಮಾತಾಡಿದಿರಿ, ಅವರಿಗೆ ಏನು ಬೇಕಿತ್ತು, ಎರಡು ಸಾಲು ಅಂದೇ ಬರೆಯಿರಿ. ಮಾರನೇ ದಿನಕ್ಕೆ ಬಿಟ್ಟರೆ ಮರೆತುಹೋಗುತ್ತೆ. ಅವರಿಗೆ ಬೇಕಾದ ಒಂದು ಲೇಖನವೋ, ಒಂದು ಹೆಸರೋ ನಿಮ್ಮ ಕಣ್ಣಿಗೆ ಬಿದ್ದಾಗ ಸುಮ್ನೆ ಕಳಿಸಿ. ನಿಮಗೆ ಏನೋ ಬೇಕಾದಾಗ ಮಾತ್ರ ಫೋನ್ ಮಾಡಿದರೆ ಎತ್ತುವವರು ಕಮ್ಮಿ. ಸಾಹೇಬರು ತಿಂಗಳಿಗೊಂದು ಸಲ ಒಂದು ಅಕ್ಷರ ಆರಿಸಿಕೊಂಡು, ‘ಇವತ್ತು ಎಂ ತೆಗಿಯಮ್ಮ’ ಅನ್ನುತ್ತಿದ್ದರು. ಆ ಅಕ್ಷರದಲ್ಲಿ ಇದ್ದವರಿಗೆಲ್ಲ ಎರಡೆರಡು ನಿಮಿಷ ಫೋನ್. ಕೆಲಸದ ಮಾತೇ ಇಲ್ಲ. ‘ಮಗಳ ಓದು ಹೇಗಿದೆ’, ‘ತಾಯಿಯವರ ಆರೋಗ್ಯ ಹೇಗಿದೆ’ ಅಷ್ಟೇ. ಆಗ ನನಗೆ ಅದು ಹೊತ್ತು ಕಳೆಯುವ ಕೆಲಸದ ಹಾಗೆ ಕಂಡಿತ್ತು. ಕಾರ್ಖಾನೆಗೆ ಒಂದು ಬಿಡಿಭಾಗ ತುರ್ತಾಗಿ ಬೇಕಾಗಿ, ರಾತ್ರಿ ಒಂಬತ್ತಕ್ಕೆ ಕೊಯಮತ್ತೂರಿಗೆ ಫೋನ್ ಮಾಡಿದಾಗ, ಆ ಕಡೆಯವರು ಗೋಡೌನಿನ ಬಾಗಿಲು ತೆಗೆಸಿ ಲಾರಿಗೆ ಹಾಕಿಸಿ ಕಳಿಸಿದರು. ಅದು ಎಂ ಅಕ್ಷರದ ಕಾರ್ಡು.

ಕಡೆಗೆ ಒಂದು ಸಣ್ಣ ವಿಷಯ, ಮೇಲ್ ಬರೆಯುವಾಗ ನಿಮಗೆ ಬೇಕಾಗುತ್ತೆ. ರೋಲೊಡೆಕ್ಸ್ ಇಂದಿಗೂ ಒಂದು ಕಂಪನಿಯ ನೋಂದಾಯಿತ ಹೆಸರು. ಜನರ ಬಳಗ ಅನ್ನೋ ಅರ್ಥದಲ್ಲಿ ಬಳಸಿದರೂ ಇಂಗ್ಲಿಷಿನಲ್ಲಿ ಮೊದಲ ಅಕ್ಷರ ದೊಡ್ಡದೇ ಇರಲಿ. ಉಚ್ಚರಿಸುವಾಗ ‘ರೋ’ ಮೇಲೆ ಒತ್ತು ಕೊಟ್ಟು, ‘ಲೊ’ವನ್ನು ಗಿಡ್ಡವಾಗಿ ಹೇಳಿ. ಮುಂದಿನ ಕಾಲ್‌ನಲ್ಲಿ ಕೈಗಡಿಯಾರದ ಜೊತೆ ಗೊಂದಲ ಆಗೋದಿಲ್ಲ.